ಹನ್ನೆರಡು ಅಡಿ ದೋಣಿಗೆ ಯಾವ ಮೋಟಾರ್, ಯಾವ ಬ್ಯಾಟರಿ, ಹೇಗೆ ಕೂರಿಸಬೇಕು?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಮೂವರು ಗೆಳೆಯರು ಸೇರಿ ಹನ್ನೆರಡು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಹಳೇ ಫೈಬರ್ ದೋಣಿ ತಗೊಂಡಿದ್ದೇವೆ. ವ್ಯಾಪಾರಕ್ಕಲ್ಲ, ರಜೆ ದಿನ ಗಾಳ ಹಾಕೋದಕ್ಕೆ ಅಷ್ಟೇ. ಹೆಚ್ಚಾಗಿ ವಾಣಿ ವಿಲಾಸ ಸಾಗರ, ಒಮ್ಮೊಮ್ಮೆ ಸೂಳೆಕೆರೆ. ನೀರಿನಡಿಯ ಮೀನು, ತಳ ತೋರಿಸುವ ಏಳು ಇಂಚಿನ ಫಿಶ್ ಫೈಂಡರ್ ಒಂದನ್ನು ನೋಡಿಟ್ಟಿದ್ದೇವೆ. ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟಾರ್ ಎಷ್ಟು ಶಕ್ತಿಯದು ಬೇಕು? ಮನೆಯಲ್ಲಿ 150 ಎಎಚ್ (ಆಂಪಿಯರ್-ಅವರ್) ಇನ್ವರ್ಟರ್ ಬ್ಯಾಟರಿ ಇದೆ, ಅದನ್ನೇ ಹಾಕಬಹುದಾ? ದೋಣಿಗೆ ತೂತು ಕೊರೆಯಲು ಭಯ. ನಮ್ಮ ಮನೆ ವೈರಿಂಗ್ ಮಾಡಿದ ಹುಡುಗನ ಕೈಲೇ ಕೆಲಸ ಮಾಡಿಸಬಹುದಾ? ನಮ್ಮಲ್ಲಿ ಒಬ್ಬನಿಗೆ ಈಜು ಬರಲ್ಲ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲು ಮೊದಲು ಬರಬೇಕಿತ್ತು. ಮೂವರಿಗೂ ಲೈಫ್ ಜಾಕೆಟ್ ತಗೊಳ್ಳಿ, ಈಜು ಬರುವವರಿಗೂ ಸೇರಿಸಿ. ಕಾಲಿನ ಪಟ್ಟಿ ಇರುವುದನ್ನೇ ಆರಿಸಿ. ಅದಿಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮನುಷ್ಯ ಕೆಳಗೆ ಅನ್ನೋ ಹಾಗಾಗುತ್ತದೆ. ಕೂರುವಾಗ ಅಡಿಗೆ ಹಾಕಿಕೊಳ್ಳುವ ದಿಂಬು ಅದಲ್ಲ, ಮೈಮೇಲೆ ಇರಬೇಕು, ಬಕಲ್ ಹಾಕಿರಬೇಕು. ಜೊತೆಗೆ ಎರಡು ಹುಟ್ಟು, ನೀರು ಎತ್ತಿ ಹಾಕಲು ಒಂದು ಮಗ್ಗು. ಇಷ್ಟಾದ ಮೇಲೆ ಮೋಟಾರಿನ ಮಾತು.

ಇನ್ನು ದೋಣಿಯ ಲೆಕ್ಕ. ಸಣ್ಣ ದೋಣಿಗಳಿಗೆ ಅಮೆರಿಕದಲ್ಲಿ ಬಳಸುವ ಒಂದು ಸುಲಭ ಸೂತ್ರ ಇದೆ. ಉದ್ದ ಅಡಿಯಲ್ಲಿ, ಅಗಲ ಅಡಿಯಲ್ಲಿ, ಎರಡನ್ನೂ ಗುಣಿಸಿ 15ರಿಂದ ಭಾಗಿಸಿ. ನಿಮ್ಮದು 12 ಗುಣಿಲೆ ನಾಲ್ಕೂವರೆ, ಅಂದರೆ 54. ಭಾಗಿಸಿದರೆ ಮೂರೂವರೆಗಿಂತ ಒಂಚೂರು ಜಾಸ್ತಿ. ಅರ್ಧ ಮನುಷ್ಯ ಅಂತ ಇಲ್ಲವಲ್ಲ, ಮೂವರೇ. ನೀವು ಮೂವರು ಹತ್ತಿದರೆ ದೋಣಿ ಭರ್ತಿ. ನಾಲ್ಕನೆಯವರು ಬರ್ತೀನಿ ಅಂದರೆ ದಡದಲ್ಲೇ ಕೂರಿಸಿ. ಹಾಗಾಗಿ ಈ ದೋಣಿಗೆ ಹಾಕುವ ಪ್ರತಿ ಕೆಜಿಯನ್ನೂ ಯೋಚಿಸಿ ಹಾಕಬೇಕು. ನಿಮ್ಮ ಇನ್ವರ್ಟರ್ ಬ್ಯಾಟರಿ ಬಗ್ಗೆ ನನಗಿರುವ ತಕರಾರೂ ಇದೇ.

ಮನೆ ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಆಸಿಡ್ ಸೇರಿ ಐವತ್ತು ಕೆಜಿ ಮೀರುತ್ತದೆ. ಮುಕ್ಕಾಲು ಮನುಷ್ಯನ ತೂಕ. ಜಾತಿಯಲ್ಲಿ ಅದು ಕೆಟ್ಟದ್ದಲ್ಲ. ನಿಧಾನವಾಗಿ ತುಂಬ ಹೊತ್ತು ಕರೆಂಟು ಕೊಡೋದಕ್ಕೇ ಮಾಡಿದ್ದು. ಕಾರಿನ ಬ್ಯಾಟರಿ ಇದರ ಉಲ್ಟಾ. ಸ್ಟಾರ್ಟ್ ಮಾಡುವಾಗ ಒಂದೇ ಏಟಿಗೆ ಜೋರಾಗಿ ಕೊಡುತ್ತದೆ, ಆದರೆ ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಟ್ಯೂಬುಲರ್ ಅಷ್ಟು ಬೇಗ ಸಾಯಲ್ಲ. ಆದರೆ ಅದು ಮನೆಯ ಮೂಲೆಯಲ್ಲಿ ಅಲ್ಲಾಡದೆ ನಿಲ್ಲುವ ಸಾಮಾನು. ಎತ್ತರ ಜಾಸ್ತಿ, ಒಳಗೆ ನೀರಾಸಿಡ್, ಮೇಲೆ ಮುಚ್ಚಳ. ದೋಣಿ ಓಲಾಡಿದರೆ ಆಸಿಡ್ ಚೆಲ್ಲುತ್ತದೆ. ಕಾಲ ಮೇಲೆ ಚೆಲ್ಲಿದರೆ ಸುಡುತ್ತದೆ, ಹಗ್ಗದ ಮೇಲೆ ಚೆಲ್ಲಿದರೆ ಹಗ್ಗ ಪುಡಿಯಾಗುತ್ತದೆ. ಅದನ್ನು ಮನೆಯಲ್ಲೇ ಬಿಡಿ.

ದುಡ್ಡು ಬಿಗಿ ಇದ್ದರೆ ಯುಪಿಎಸ್‌ಗೆ ಹಾಕುವ ಸೀಲ್ಡ್ ಬ್ಯಾಟರಿ, 12 ವೋಲ್ಟ್ 100 ಎಎಚ್. ಸುಮಾರು ಮೂವತ್ತು ಕೆಜಿ, ಆಸಿಡ್ ಚೆಲ್ಲಲ್ಲ. ಆದರೆ ಸೀಸದ ಬ್ಯಾಟರಿ ಯಾವುದೇ ಆಗಲಿ, ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಕಡಿಮೆ. 100 ಅಂತ ಬರೆದಿದ್ದರೂ ನಿಮ್ಮ ಕೈಗೆ ಸಿಗೋದು 50 ಅಂತಿಟ್ಟುಕೊಳ್ಳಿ. ಸ್ವಲ್ಪ ಕೈ ಬಿಚ್ಚಿದರೆ ಲಿಥಿಯಂ, ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಅದೇ 100 ಎಎಚ್‌ಗೆ ತೂಕ ಹನ್ನೆರಡು ಕೆಜಿ ಆಸುಪಾಸು. ಎಂಬತ್ತು ತೊಂಬತ್ತು ಭಾಗ ಧೈರ್ಯವಾಗಿ ಬಳಸಬಹುದು. ನನ್ನ ಓಟು ಇದಕ್ಕೇ. ಫಿಶ್ ಫೈಂಡರಿನ ಏಳು ಇಂಚಿನ ಪರದೆಯನ್ನು ಐದು ಇಂಚಿಗೆ ಇಳಿಸಿ, ಉಳಿದ ದುಡ್ಡನ್ನು ಬ್ಯಾಟರಿಗೆ ಮತ್ತು ವೈರಿಗೆ ಹಾಕಿ.

ಲಿಥಿಯಂ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಒಳಗಿರುವ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ನಿರಂತರವಾಗಿ ಎಷ್ಟು ಆಂಪಿಯರ್ ಕೊಡುತ್ತದೆ? ಮೋಟಾರ್ ಪೂರ್ತಿ ಜೋರಿನಲ್ಲಿ 50 ಎಳೆಯುತ್ತದೆ ಅಂದರೆ ಬಿಎಂಎಸ್ 100ರದ್ದಿರಲಿ. ಇಲ್ಲದಿದ್ದರೆ ಎದುರುಗಾಳಿಯಲ್ಲಿ ನೀವು ಜೋರು ಕೊಟ್ಟಾಗಲೇ ಅದು ತಟ್ಟನೆ ಕೈ ಎತ್ತುತ್ತದೆ. ಎರಡನೆಯದು ಚಾರ್ಜರ್. ಮನೆಯ ಇನ್ವರ್ಟರಿಗೆ ಸಿಕ್ಕಿಸಿ ಚಾರ್ಜ್ ಮಾಡಬೇಡಿ, ಅದು ಸೀಸದ ಬ್ಯಾಟರಿಗೆ ಹೊಂದಿಸಿದ್ದು. ಈ ಬ್ಯಾಟರಿಗೇ ಅಂತ ಮಾಡಿದ ಚಾರ್ಜರ್ ಬೇರೆ ಸಿಗುತ್ತದೆ, 14.6 ವೋಲ್ಟಿನದು. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ವಾಣಿ ವಿಲಾಸ ಇರುವ ಹಿರಿಯೂರಿನಲ್ಲಿ ಆ ಚಿಂತೆ ಇಲ್ಲ. ಇಲ್ಲಿ ಚಿಂತೆ ಬಿಸಿಲಿನದು. ಬ್ಯಾಟರಿ ಪೆಟ್ಟಿಗೆ ಬಿಳಿ ಬಣ್ಣದ್ದಿರಲಿ, ಸೀಟಿನ ನೆರಳಲ್ಲಿರಲಿ. ಏಪ್ರಿಲ್ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಮುಚ್ಚಿಟ್ಟು ಊಟಕ್ಕೆ ಹೋಗಬೇಡಿ.

ಈಗ ಮೋಟಾರ್. ಇವುಗಳ ಶಕ್ತಿಯನ್ನು ತಳ್ಳುಬಲದ ಪೌಂಡಿನಲ್ಲಿ ಹೇಳುತ್ತಾರೆ. ಒಟ್ಟು ತೂಕದಲ್ಲಿ ಪ್ರತಿ 45 ಕೆಜಿಗೆ ಕನಿಷ್ಠ 2 ಪೌಂಡ್ ಅನ್ನೋದು ರೂಢಿಯ ಲೆಕ್ಕ. ದೋಣಿ 100 ಕೆಜಿ ಅಂದುಕೊಳ್ಳೋಣ. ಮೂವರು ಸೇರಿ 210. ಬ್ಯಾಟರಿ, ಮೋಟಾರ್, ಲಂಗರು, ಬುತ್ತಿ ಎಲ್ಲಾ 50. ಒಟ್ಟು 360. ಲೆಕ್ಕಕ್ಕೆ 16 ಪೌಂಡ್ ಸಾಕು ಅಂತ ಬರುತ್ತದೆ. ಆದರೆ ಈ ಲೆಕ್ಕ ಗಾಳಿಯೇ ಇಲ್ಲದ ನೀರಿಗೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ ಅಲ್ವಾ? ಮಳೆಗಾಲದ ಗಾಳಿ ಎದ್ದರೆ ವಾಣಿ ವಿಲಾಸದ ಅಗಲ ನೀರಿನಲ್ಲಿ ಅಲೆ ಬೇಗ ಕಟ್ಟುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಹನ್ನೊಂದರ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಆಗ ದೋಣಿ ಮುಂದೆ ಹೋಗುವುದಿರಲಿ, ಇದ್ದಲ್ಲಿ ನಿಲ್ಲೋದಕ್ಕೇ ಶಕ್ತಿ ಬೇಕು. ಲೆಕ್ಕದ ಮೂರು ಪಟ್ಟು ಇಟ್ಟುಕೊಳ್ಳಿ. 45 ಪೌಂಡಿನದು ನಡೆಯುತ್ತದೆ, 55ರದ್ದಾದರೆ ನಿಶ್ಚಿಂತೆ. ಒಂದೇ 12 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಮೋಟಾರುಗಳು ಸಾಮಾನ್ಯವಾಗಿ 55ಕ್ಕೆ ನಿಲ್ಲುತ್ತವೆ. ಅದಕ್ಕಿಂತ ಮೇಲೆ ಹೋದರೆ 24 ವೋಲ್ಟ್, ಎರಡು ಬ್ಯಾಟರಿ, ಮತ್ತೆ ತೂಕ.

ಐದು ಗೇರ್ ಇರುವ ಅಗ್ಗದ ಮಾದರಿ, ಹಿಡಿಕೆ ತಿರುಗಿಸಿದಷ್ಟು ವೇಗ ಕೊಡುವ ಮಾದರಿ ಅಂತ ಎರಡು ಬಗೆ. ಎರಡನೆಯದನ್ನೇ ತಗೊಳ್ಳಿ. ಅಗ್ಗದ್ದು ನಿಧಾನ ಹೋಗುವಾಗಲೂ ಒಂದಿಷ್ಟು ಕರೆಂಟನ್ನು ಶಾಖ ಮಾಡಿ ಕಳೆಯುತ್ತದೆ. ಗಾಳ ಹಾಕುವವರು ಓಡಿಸೋದೇ ನಿಧಾನ. 55ರ ಮೋಟಾರು ಪೂರ್ತಿ ಜೋರಿನಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ, ಅಂದರೆ ನಿಮ್ಮ ಲಿಥಿಯಂ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಖಾಲಿ. ಅರ್ಧ ವೇಗಕ್ಕೆ ಇಳಿಸಿದರೆ ಅದರ ಮೂರು, ನಾಲ್ಕು ಪಟ್ಟು ಹೊತ್ತು ಬರುತ್ತದೆ. ಗಾಳಿಗೆ ಎದುರಾಗಿ ಹೊರಡಿ, ಗಾಳಿಯ ಜೊತೆ ವಾಪಸ್ ಬನ್ನಿ. ಉಲ್ಟಾ ಮಾಡಿದವರು ಸಂಜೆ ಹುಟ್ಟು ಹಾಕುತ್ತಾ ಬರುತ್ತಾರೆ.

ನಿಮ್ಮ ದೋಣಿಗೆ ಹಿಂಬದಿ ಹಲಗೆಗೆ ಸ್ಕ್ರೂ ಹಿಡಿಕೆಯಿಂದ ಬಿಗಿಯುವ ಮೋಟಾರೇ ಸರಿ. ತೂತು ಬೇಡ. ಬಿಗಿಯುವ ಜಾಗದಲ್ಲಿ ಒಳಗೂ ಹೊರಗೂ ಒಂದೊಂದು ಪ್ಲೈವುಡ್ ತುಂಡು ಕೊಡಿ, ಫೈಬರ್ ನಜ್ಜಾಗಲ್ಲ. ನೀರಿನೊಳಗಿನ ಮೋಟಾರಿನ ಗುಂಡು ನೀರಿನ ಮಟ್ಟದಿಂದ ಕನಿಷ್ಠ ಒಂದು ಗೇಣು ಕೆಳಗಿರಬೇಕು. ಮೇಲಿದ್ದರೆ ಅಲೆ ಬಂದಾಗ ರೆಕ್ಕೆ (ಪ್ರೊಪೆಲ್ಲರ್) ಗಾಳಿ ಹೀರಿ ಬರೀ ಸದ್ದು ಮಾಡುತ್ತದೆ. ಮೋಟಾರನ್ನು ಹಿಡಿದಿರುವ ದಂಡದ ಉದ್ದ ಆರಿಸುವ ಮುಂಚೆ ಮೂವರೂ ದೋಣಿಯಲ್ಲಿ ಕೂತು ಹಲಗೆಯ ಮೇಲಂಚಿನಿಂದ ನೀರಿನ ತನಕ ಅಳೆಯಿರಿ. ಮೋಟಾರಿಗೂ ದೋಣಿಗೂ ಒಂದು ಹಗ್ಗ ಕಟ್ಟಿರಿ. ಬಿಗಿದ ಸ್ಕ್ರೂ ಸಡಿಲವಾಗೋದು ನೀರಿನ ಮಧ್ಯದಲ್ಲೇ.

ಬ್ಯಾಟರಿ ಎಲ್ಲಿಡಬೇಕು ಅನ್ನೋದರಿಂದ ವೈರಿನ ಕಥೆ ಶುರುವಾಗುತ್ತದೆ. ಎಲ್ಲರೂ ಮೋಟಾರಿನ ಪಕ್ಕದಲ್ಲೇ, ಹಿಂದೆ ಇಡುತ್ತಾರೆ. ಮೋಟಾರ್ ಹಿಂದೆ, ಓಡಿಸುವವರು ಹಿಂದೆ, ಬ್ಯಾಟರಿಯೂ ಹಿಂದೆ. ಮೂತಿ ಮೇಲೆದ್ದು ನಿಂತ ದೋಣಿಯನ್ನು ಗಾಳಿ ಸುಲಭವಾಗಿ ತಿರುಗಿಸಿಬಿಡುತ್ತದೆ, ನೀವು ದಿನವಿಡೀ ಹಿಡಿಕೆ ತಿದ್ದುತ್ತಾ ಕೂರಬೇಕು. ಬ್ಯಾಟರಿಯನ್ನು ನಡು ಸೀಟಿನ ಮುಂದೆ, ತಳಕ್ಕೆ ಅಂಟಿದ ಹಾಗೆ ಪಟ್ಟಿ ಬಿಗಿದು ಇಡಿ. ಆಗ ವೈರು ಹೋಗಿ ಬರುವ ದಾರಿ ಸೇರಿ ಎಂಟು ಮೀಟರ್ ಆಗುತ್ತದೆ. ಮನೆ ವೈರಿಂಗಿನ ಹುಡುಗ ಇಲ್ಲೇ ಎಡವುತ್ತಾನೆ. 230 ವೋಲ್ಟಿನ ಮನೆಯಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗಲ್ಲ. 12 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಮೋಟಾರ್ ಸುಸ್ತಾಗುತ್ತದೆ. ಗೀಸರ್‌ಗೆ ಎಳೆದು ಉಳಿದಿರುವ 6 ಚದರ ಮಿಲಿಮೀಟರ್ ವೈರು ಹಾಕಿದರೆ 50 ಆಂಪಿಯರ್‌ನಲ್ಲಿ ದಾರಿಯಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಸೋರುತ್ತದೆ. ವೈರೂ ಬಿಸಿಯಾಗುತ್ತದೆ. 16 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ಸೋರಿಕೆ ಅರ್ಧ ವೋಲ್ಟಿಗಿಂತ ಕೆಳಗಿಳಿಯುತ್ತದೆ. 25 ಸಿಕ್ಕರೆ ಇನ್ನೂ ಒಳ್ಳೆಯದು. ಸಣ್ಣ ಎಳೆಗಳ, ಸುಲಭವಾಗಿ ಬಾಗುವ ಕೇಬಲ್ ಇರಲಿ. ಅಲ್ಯೂಮಿನಿಯಂ ಬೇಡವೇ ಬೇಡ.

ಹುಡುಗ ಬೇಡ ಅಂತಲ್ಲ. ಕೈ ಚೆನ್ನಾಗಿದ್ದರೆ ಮಾಡಿಸಿ, ಆದರೆ ಪಕ್ಕದಲ್ಲಿ ಕೂತು ಎರಡು ವಿಷಯ ನೋಡಿಕೊಳ್ಳಿ. ಒಂದು, ಮನೆಯ ಎಂಸಿಬಿ, ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಬ್ರೇಕರ್, ತಂದು ಹಾಕಲು ಬಿಡಬೇಡಿ. ಅದು ಎಸಿ ಕರೆಂಟಿಗೆ ಮಾಡಿದ್ದು. ಡಿಸಿಯಲ್ಲಿ ಸಂಪರ್ಕ ತಪ್ಪಿಸುವಾಗ ಏಳುವ ಕಿಡಿ ತಾನಾಗಿ ಆರಲ್ಲ, ಬ್ರೇಕರ್ ಒಳಗೇ ಉರಿಯಬಹುದು. ಸೋಲಾರ್ ಪಂಪ್‌ಸೆಟ್ ಕೂರಿಸುವವರ ಹತ್ತಿರ ಡಿಸಿ ಬ್ರೇಕರ್ ಸಿಗುತ್ತದೆ. ನಮ್ಮ ಎರಡೂ ಜಿಲ್ಲೆಯಲ್ಲಿ ಅವರಿಗೇನು ಬರವಿಲ್ಲ. 60 ಆಂಪಿಯರಿನದು ತಗೊಂಡು ಪ್ಲಸ್ ವೈರಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿ. ದೂರ ಹಾಕಿದರೆ ಬ್ಯಾಟರಿಗೂ ಬ್ರೇಕರಿಗೂ ನಡುವಿನ ವೈರು ಉಜ್ಜಿ ಶಾರ್ಟ್ ಆದಾಗ ಕಾಪಾಡುವವರೇ ಇರಲ್ಲ. ಕೆಲವು ಡಿಸಿ ಬ್ರೇಕರಿಗೆ ಪ್ಲಸ್, ಮೈನಸ್ ಗುರುತು ಇರುತ್ತದೆ. ಅದನ್ನು ತಿರುವು ಮುರುವು ಮಾಡಬಾರದು.

ಎರಡು, ಲಗ್, ಅಂದರೆ ವೈರಿನ ತುದಿಯ ಬಳೆಯಂಥ ಲೋಹದ ತುಂಡು. ವೈರಿನ ತುದಿಗೆ ತಾಮ್ರದ ಲಗ್ ಹಾಕಿ ಸುತ್ತಿಗೆಯಲ್ಲಿ ಬಡಿಯೋದು ನಮ್ಮಲ್ಲಿ ರೂಢಿ. ಬೇಡ. ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವರಲ್ಲಿ ಕ್ರಿಂಪಿಂಗ್ ಮಷಿನ್ ಇರುತ್ತದೆ, ಅಲ್ಲಿ ಒತ್ತಿಸಿ. ಒತ್ತಿದ ಮೇಲೆ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ನಂತರ ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ತೊಡಿಸಿ ಕಾಯಿಸಿ. ತುದಿಯಿಂದ ಅಂಟು ಒಂಚೂರು ಒಸರಿ ಬಂದರೆ ಒಳಗೆ ನೀರು ಹೋಗಲ್ಲ ಅಂತ ಅರ್ಥ. ಕಪ್ಪು ಟೇಪು ಸುತ್ತಿದ ಜಾಯಿಂಟು ಎರಡು ಬೇಸಿಗೆ ದಾಟಲ್ಲ. ಅಂಟು ಕರಗಿ ಟೇಪು ಬಿಚ್ಚಿಕೊಂಡು, ಒಳಗೆ ತಾಮ್ರ ಹಸಿರು ಹಿಡಿದಿರುತ್ತದೆ.

ಫಿಶ್ ಫೈಂಡರ್ ಬಗ್ಗೆ ಜನಕ್ಕೆ ಆಸೆ ಜಾಸ್ತಿ, ಆಮೇಲೆ ಬೇಜಾರೂ ಜಾಸ್ತಿ. ಅದು ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಯಂತ್ರ. ಶಬ್ದ ತಲೆಕೆಳಗಾದ ಕೋನ್ ಐಸ್‌ಕ್ರೀಮಿನ ಆಕಾರದಲ್ಲಿ ಕೆಳಗೆ ಹರಡುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಆ ಕೋನ ಸಾಮಾನ್ಯವಾಗಿ 20 ಡಿಗ್ರಿ. ಅಂದರೆ ಆಳದ ಮೂರನೇ ಒಂದು ಭಾಗದಷ್ಟು ಅಗಲದ ವೃತ್ತ ಮಾತ್ರ ನಿಮಗೆ ಕಾಣೋದು. ಅರವತ್ತು ಅಡಿ ನೀರಿನಲ್ಲಿ ಇಪ್ಪತ್ತು ಅಡಿ ಅಗಲ. ಹತ್ತು ಅಡಿ ನೀರಿನಲ್ಲಿ ಮೂರೂವರೆ ಅಡಿ, ನಿಮ್ಮ ದೋಣಿಯಷ್ಟೂ ಇಲ್ಲ. ಆ ಆಳದಲ್ಲಿ ದೋಣಿಯ ನೆರಳಿಗೇ ಮೀನು ಸರಿದಿರುತ್ತದೆ. ಹೂಳು ತುಂಬಿ ಆಳ ಕಳಕೊಂಡ ಸೂಳೆಕೆರೆಯಲ್ಲಿ ಮೀನು ನೋಡೋದಕ್ಕೆ ಅಂತ ಇದನ್ನು ಕೊಳ್ಳಬೇಡಿ. ಅಲ್ಲಿ ಕೊರವ ಮೀನು ಹಿಡಿಯುವವರು ಜೊಂಡಿನ ಅಂಚು ನೋಡುತ್ತಾರೆ, ಪರದೆ ನೋಡಲ್ಲ. ವಾಣಿ ವಿಲಾಸದಲ್ಲಿ ಮಾತ್ರ ಇದಕ್ಕೆ ನಿಜವಾದ ಕೆಲಸ ಇದೆ.

ಯಾಕೆಂದರೆ ಅಲ್ಲಿ ತಳ ಸಪಾಟಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಕಟ್ಟೆ ಅದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿಯಲು 2022ರ ತನಕ ಕಾಯಬೇಕಾಯಿತು. ನಡುವೆ ನೀರು ತಳ ಕಂಡ ವರ್ಷಗಳು ಎಷ್ಟೋ. ನೀರು ಸರಿದ ಅಂಗಳದಲ್ಲಿ ಜಾಲಿ ಎಷ್ಟು ಬೇಗ ಎದ್ದು ನಿಲ್ಲುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನೀರು ಬಂದಾಗ ಆ ಗಿಡಗಳು ಮುಳುಗುತ್ತವೆ, ಮಾಯವಾಗಲ್ಲ. ಮೀನಿಗೆ ಅದೇ ಮನೆ, ನಿಮ್ಮ ರೆಕ್ಕೆಗೂ ಲಂಗರಿಗೂ ಅದೇ ಶತ್ರು. ಫೈಂಡರ್ ಅದನ್ನು ತೋರಿಸುತ್ತದೆ. ಗಟ್ಟಿ ನೆಲ ದಪ್ಪ ಗೆರೆಯಾಗಿ, ಕೆಲವೊಮ್ಮೆ ಕೆಳಗೆ ಇನ್ನೊಂದು ಗೆರೆಯಾಗಿ ಬೀಳುತ್ತದೆ. ಹೂಳು ತೆಳುವಾಗಿ ಮಸುಕಾಗಿ ಬೀಳುತ್ತದೆ. ಜಾಲಿ ಗಿಡ ನೆಲದಿಂದ ಎದ್ದ ಪೊದೆಯಾಗಿಯೇ ಕಾಣುತ್ತದೆ. ಮೀನಿನ ಚಿತ್ರ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಮೊದಲ ದಿನವೇ ಆಫ್ ಮಾಡಿ. ಗುಳ್ಳೆಗೂ ಎಲೆಗೂ ಮೀನಿನ ಬೊಂಬೆ ಬರೆದು ಮನಸ್ಸು ಕೆಡಿಸುತ್ತದೆ. ನಿಜವಾದ ಮೀನು ಕಮಾನಿನ ಹಾಗೆ ಕಾಣುತ್ತದೆ, ಅದೂ ದೋಣಿ ಚಲಿಸುತ್ತಿದ್ದರೆ. ನಿಂತ ದೋಣಿಯ ಕೆಳಗೆ ನಿಂತ ಮೀನು ಉದ್ದ ಗೆರೆ ಅಷ್ಟೇ.

ಹಾಗಾಗಿ ಜಿಪಿಎಸ್ ಇರುವ, ನೀವು ಓಡಾಡಿದಂತೆ ತಾನೇ ಆಳದ ನಕ್ಷೆ ಬರೆದುಕೊಳ್ಳುವ ಐದು ಇಂಚಿನ ಮಾದರಿ ನೋಡಿ. ಗಾರ್ಮಿನ್, ಲೋರೆನ್ಸ್, ಹಮ್ಮಿನ್‌ಬರ್ಡ್ ಮೂರರಲ್ಲೂ ಆ ಸೌಲಭ್ಯದ ಮಾದರಿಗಳಿವೆ. ಅಮೆರಿಕದ ಕೆರೆಗಳ ನಕ್ಷೆ ತುಂಬಿದ್ದಕ್ಕೆ ಹೆಚ್ಚಿನ ದುಡ್ಡು ಕೊಟ್ಟು ನಮಗೇನು? ನಕ್ಷೆ ಮಾಡುವ ದಿನ ಜಲಾಶಯದ ಮಟ್ಟ ಎಷ್ಟು ಅಡಿ ಇತ್ತು ಅಂತ ಬರೆದಿಡಿ. ವಾಣಿ ವಿಲಾಸದ ಪೂರ್ಣ ಮಟ್ಟ 130 ಅಡಿ. ಮಟ್ಟದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಮಾರ್ಚಿನಲ್ಲಿ ಹೋದಾಗ ಎಷ್ಟು ಇಳಿದಿದೆಯೋ ಅಷ್ಟನ್ನು ನಕ್ಷೆಯ ಆಳದಿಂದ ಕಳೆದರೆ ಹಳೇ ನಕ್ಷೆ ಹಾಗೇ ಕೆಲಸಕ್ಕೆ ಬರುತ್ತದೆ.

ತೂತಿನ ಭಯಕ್ಕೆ ಬರೋಣ. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರನ್ನು, ಅಂದರೆ ಶಬ್ದ ಬಿಡುವ ಭಾಗವನ್ನು, ಒಳಗಿನಿಂದಲೇ ತಳಕ್ಕೆ ಅಂಟಿಸಬಹುದು. ಶಬ್ದ ಗಟ್ಟಿ ಫೈಬರ್ ದಾಟಿ ಹೋಗುತ್ತದೆ. ಮರ, ಅಲ್ಯೂಮಿನಿಯಂ ದೋಣಿಯಲ್ಲಿ ಆಗಲ್ಲ. ಎರಡು ಪದರದ ನಡುವೆ ಫೋಮ್ ತುಂಬಿದ ತಳದಲ್ಲೂ ಆಗಲ್ಲ. ನಾಣ್ಯದಲ್ಲಿ ತಟ್ಟಿ ನೋಡಿ, ಟಕ್ ಅಂತ ಗಟ್ಟಿ ಸದ್ದು ಬರಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಫೋಮ್ ಇದೆ. ಅದನ್ನು ಕೊರೆಯಬೇಡಿ, ದೋಣಿ ಮಗುಚಿದಾಗ ತೇಲಿಸೋದು ಅದೇ. ಗಟ್ಟಿ ಜಾಗ ಸಿಕ್ಕರೂ ಅಂಟಿಸುವ ಮುಂಚೆ ಪರೀಕ್ಷೆ ಮಾಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗಿಟ್ಟು, ತಳದ ಮೇಲೆ ಒತ್ತಿ ಹಿಡಿಯಿರಿ. ದೋಣಿ ನೀರಿನ ಮೇಲಿರಬೇಕು. ಬಂದ ಆಳ ನೋಡಿ. ಆಮೇಲೆ ಅದನ್ನೇ ಹೊರಗೆ ನೀರಿಗೆ ಇಳಿಬಿಟ್ಟು ನೋಡಿ. ಎರಡೂ ಹೊಂದಿದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ, ಒಂದೂ ಗುಳ್ಳೆ ಇಲ್ಲದಂತೆ ಅಂಟಿಸಿ. ಗುಳ್ಳೆ ಇದ್ದಲ್ಲಿ ಶಬ್ದ ನಿಂತುಬಿಡುತ್ತದೆ. ಹೀಗೆ ಕೂರಿಸಿದರೆ ನೀರಿನ ಉಷ್ಣಾಂಶ ಸರಿಯಾಗಿ ಬರಲ್ಲ. ಕೆಳಗಿನದನ್ನೂ ಪಕ್ಕದ್ದನ್ನೂ ಚಿತ್ರದಂತೆ ತೋರಿಸುವ ಡೌನ್ ಸ್ಕ್ಯಾನ್, ಸೈಡ್ ಸ್ಕ್ಯಾನ್ ಮಾದರಿಗಳೂ ಹೀಗೆ ನಡೆಯಲ್ಲ.

ಅಂಥ ಮಾದರಿಯೇ ಬೇಕಾದರೆ ಹಿಂಬದಿ ಹಲಗೆಯ ಹೊರಗೆ ಕೂರಿಸಬೇಕು. ಆಗ ಅಡುಗೆಮನೆಯ ದಪ್ಪ ಬಿಳಿ ಪ್ಲಾಸ್ಟಿಕ್ ಚಾಪಿಂಗ್ ಬೋರ್ಡ್ ಒಂದನ್ನು ಕೈ ಅಗಲಕ್ಕೆ ಕತ್ತರಿಸಿ, ಅದನ್ನು ಎರಡೇ ಸ್ಕ್ರೂನಿಂದ ಹಲಗೆಗೆ ಕೂರಿಸಿ. ಟ್ರಾನ್ಸ್‌ಡ್ಯೂಸರ್ ಮೇಲೆ ಕೆಳಗೆ ಸರಿಸಿ ನೋಡುವಾಗ ಆಗುವ ತೂತುಗಳೆಲ್ಲ ಬೋರ್ಡಿಗೆ ಆಗುತ್ತವೆ, ದೋಣಿಗಲ್ಲ. ಆ ಎರಡು ತೂತಿಗೂ ಕ್ರಮ ಇದೆ. ಜಾಗದ ಮೇಲೆ ಟೇಪು ಅಂಟಿಸಿ, ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಹೊಳಪಿನ ಪದರ ಸವೆಸಿ, ಆಮೇಲೆ ಸೀದಾ ಕೊರೆಯಿರಿ. ತೂತಿನ ಬಾಯನ್ನು ದೊಡ್ಡ ಬಿಟ್‌ನಿಂದ ಒಂಚೂರು ಅಗಲಿಸಿ. ಇಲ್ಲದಿದ್ದರೆ ಸ್ಕ್ರೂ ಇಳಿದಂತೆ ಸುತ್ತಲೂ ಜೇಡರ ಬಲೆಯ ಹಾಗೆ ಬಿರುಕು ಏಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ತೂತಿನ ತುಂಬ ದೋಣಿಗೆ ಬಳಸುವ ಪಾಲಿಯುರೆಥೇನ್ ಸೀಲಂಟ್. ನಲ್ಲಿಗೆ ಹಾಕುವ ಎಂ-ಸೀಲ್ ಇಲ್ಲಿ ಬೇಡ, ಗಟ್ಟಿಯಾಗಿ ಅದುರಿಕೆಗೆ ಬಿರುಕು ಬಿಡುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖ ತಳಕ್ಕಿಂತ ಒಂಚೂರು ಕೆಳಗೆ, ಮೂರು ಮಿಲಿಮೀಟರಷ್ಟು, ಮತ್ತು ನೀವು ಮೂವರು ಕೂತಾಗ ನೀರಿಗೆ ಸಮನಾಗಿ ಇರಬೇಕು. ಮೋಟಾರಿನ ರೆಕ್ಕೆಯಿಂದ ಒಂದೂಕಾಲು ಅಡಿ ದೂರ ಇರಲಿ.

ಫೈಂಡರಿಗೆ ಕರೆಂಟು ಮೋಟಾರಿನ ಬ್ಯಾಟರಿಯಿಂದ ಕೊಡಬೇಡಿ. ಮೋಟಾರ್ ಓಡಿದಾಗ ಪರದೆ ತುಂಬ ಮಳೆ ಸುರಿದ ಹಾಗೆ ಗೆರೆ ಬರುತ್ತದೆ. ಯುಪಿಎಸ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 7 ಎಎಚ್‌ನ ಪುಟ್ಟ ಬ್ಯಾಟರಿ, ಎರಡು ಕೆಜಿಯದು. ಐದು ಇಂಚಿನ ಪರದೆಗೆ ಬೆಳಗಿನ ಸರದಿ ಪೂರ್ತಿ ಸಾಕು. 3 ಆಂಪಿಯರ್ ಫ್ಯೂಸ್ ಹಾಕಿ. ಅದರ ವೈರು ಎಡಗಡೆ ಹೋದರೆ ಮೋಟಾರಿನದು ಬಲಗಡೆ ಹೋಗಲಿ.

ಲಂಗರಿಗೆ ಮಡಿಚುವ ನಾಲ್ಕು ಕೊಂಡಿಯದು ಸಾಕು. ಆದರೆ ಜಾಲಿಗೆ ಸಿಕ್ಕಿಕೊಂಡರೆ ಬಿಡಿಸಲು ಉಪಾಯ ಬೇಕು. ಹಗ್ಗವನ್ನು ಮೇಲಿನ ಬಳೆಗೆ ಕಟ್ಟಬೇಡಿ. ಕೆಳಗಿನ ತುದಿಗೆ ಗಟ್ಟಿಯಾಗಿ ಕಟ್ಟಿ, ಬಳೆಯ ಹತ್ತಿರ ಒಂದು ತೆಳು ದಾರದಿಂದ ಸೇರಿಸಿ. ಸಿಕ್ಕಿಕೊಂಡಾಗ ಜೋರಾಗಿ ಜಗ್ಗಿದರೆ ದಾರ ಹರಿಯುತ್ತದೆ, ಲಂಗರು ತಲೆಕೆಳಗಾಗಿ ಹೊರಬರುತ್ತದೆ. ಹಗ್ಗ ಆಳದ ಐದು ಪಟ್ಟಾದರೂ ಇರಲಿ. ಗಾಳಿಯಲ್ಲಿ ಲಂಗರನ್ನು ಮೂತಿಯಿಂದಲೇ ಬಿಡಿ, ಹಿಂದಿನಿಂದ ಎಂದೂ ಬೇಡ. ಹಿಂಬದಿ ಹಲಗೆ ತಗ್ಗು, ಮೋಟಾರೂ ಬ್ಯಾಟರಿ ವೈರೂ ಅಲ್ಲೇ. ಅಲೆ ಅಲ್ಲಿಂದ ಏರಿದರೆ ದೋಣಿ ತುಂಬಲು ಹೆಚ್ಚು ಹೊತ್ತು ಬೇಡ.

ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಂಚಿಗೆ ಬಿಗಿಯುವ ಕ್ಲ್ಯಾಂಪ್ ಮಾದರಿ ತಗೊಳ್ಳಿ, ಒಂದು ವರ್ಷ ಅಲ್ಲಿ ಇಲ್ಲಿ ಸರಿಸಿ ನೋಡಿ. ಆಮೇಲೆ ಬೇಕಾದರೆ ಕೊರೆಯಿರಿ.

ನೀರಿಗಿಳಿಯುವ ಮುಂಚೆ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಕೇಳಿ. ಇಂಥ ನೀರಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಯಲ್ಲಿ, ಪರವಾನಗಿಯಲ್ಲಿ ಇರುತ್ತದೆ. ಹವ್ಯಾಸಕ್ಕೆ ಅಂದರೂ ಅನುಮತಿ ಬೇಕು. ಮೋಟಾರ್ ಹಚ್ಚಿದ ಕೂಡಲೇ ನೋಂದಣಿಯ ವಿಷಯವೂ ಬರುತ್ತದೆ, 2021ರ ಒಳನಾಡು ಹಡಗು ಕಾಯ್ದೆ ಇದೆ. ಕಟ್ಟೆ, ತೂಬಿನ ಹತ್ತಿರ ಸುಳಿಯಲೇಬೇಡಿ. ತೆಪ್ಪದವರ ಬಲೆಯ ಬೆಂಡು ಕಂಡರೆ ಸುತ್ತಿ ಹೋಗಿ, ಅದು ಅವರ ಹೊಟ್ಟೆಪಾಡು. ದಡಕ್ಕೆ ಬಂದ ಮೇಲೆ ಪ್ರತಿ ಸಲ ಮೋಟಾರಿನ ರೆಕ್ಕೆ ಬಿಚ್ಚಿ ಹಿಂದೆ ನೋಡಿ. ಸುತ್ತಿಕೊಂಡ ಬಲೆಯ ಎಳೆ, ಗಾಳದ ದಾರ ಒಳಗಿನ ಸೀಲನ್ನು ಕೊಯ್ದರೆ ಮೋಟಾರಿನೊಳಗೆ ನೀರು ಹೋಗುತ್ತದೆ. ರೆಕ್ಕೆಯ ಪಿನ್ನು, ನಟ್ಟು ಒಂದೊಂದು ಹೆಚ್ಚಿಗೆ ಜೇಬಲ್ಲಿರಲಿ.

ಮೊದಲ ಸಲ ವಾಣಿ ವಿಲಾಸಕ್ಕೆ ಹೋಗಬೇಡಿ. ಅನುಮತಿ ಸಿಗುವ ಸಣ್ಣ ಕೆರೆಯೊಂದರಲ್ಲಿ, ದಡಕ್ಕೆ ಹಗ್ಗ ಕಟ್ಟಿಕೊಂಡು ಮೋಟಾರನ್ನು ಹತ್ತು ನಿಮಿಷ ಪೂರ್ತಿ ಜೋರಿನಲ್ಲಿ ಓಡಿಸಿ. ಆಮೇಲೆ ಆಫ್ ಮಾಡಿ, ಬ್ಯಾಟರಿಯಿಂದ ಮೋಟಾರಿನ ತನಕ ಪ್ರತಿ ಜಾಯಿಂಟನ್ನೂ ಬೆರಳಲ್ಲಿ ಮುಟ್ಟುತ್ತಾ ಹೋಗಿ. ವೈರು ಬೆಚ್ಚಗಿದ್ದರೆ ಪರವಾಗಿಲ್ಲ. ಒಂದು ಲಗ್ ಮಾತ್ರ ಉಳಿದದ್ದಕ್ಕಿಂತ ಜಾಸ್ತಿ ಬಿಸಿಯಾಗಿದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿಸಿ, ಮತ್ತೆ ಹತ್ತು ನಿಮಿಷ ಓಡಿಸಿ ನೋಡಿ.